ಸಂಡಿಗೆ ಒಣಗುವವರೆಗೆ

ಭೂಮಂಡಲದ ತಾಪವನ್ನೂ ಮನುಕುಲದ ಬಡತನವನ್ನೂ ಇಳಿಸುವ ಹೊಣೆ ಪ್ರತಿ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಹತ್ತೂವರೆಗೆ ನಮ್ಮ ಹೆಗಲೇರುತ್ತಿತ್ತು. ತಿಂಡಿ ಬಂದಾಗ ಇಳಿಯುತ್ತಿತ್ತು. ಬನಶಂಕರಿ ಮೂರನೇ ಹಂತದಿಂದ ಇಟ್ಟಮಡುವಿನ ಕಡೆ ಹೋಗುವಾಗ ಎಡಕ್ಕೆ ಸಿಗುವುದು ನಮ್ಮ ವಾರ್ಡು. ಅದಕ್ಕೆ ಚುನಾಯಿತ ಸದಸ್ಯರಿಲ್ಲದೆ ವರ್ಷಗಳೇ ಕಳೆದಿದ್ದವು. ಕೆಲಸ ಮಾಡುವವರು ಇಲ್ಲದಿದ್ದರೂ ಮೇಲ್ವಿಚಾರಣೆ ಮಾಡುವವರು ಇರಬೇಕು ಎಂಬ ಉದಾತ್ತ ನಿಯಮದಂತೆ ವಾರ್ಡ್ ಸಮಿತಿಯೊಂದು ಉಳಿದುಕೊಂಡಿತ್ತು. ಅದರ ಮರಿ ನಮ್ಮದು: ಹವಾಮಾನ ಕ್ರಿಯೆ ಮತ್ತು ಬಡತನ ನಿವಾರಣಾ ಮೇಲ್ವಿಚಾರಣಾ ಉಪಸಮಿತಿ.

ಮೊದಲು ಇವು ಎರಡು ಸಮಿತಿಗಳಾಗಬೇಕಿತ್ತಂತೆ. ಎರಡಕ್ಕಾಗುವಷ್ಟು ಜನ ಹೆಸರು ಕೊಡಲಿಲ್ಲ. ಖಾರಾಭಾತನ್ನೂ ಕೇಸರಿಭಾತನ್ನೂ ಒಂದೇ ತಟ್ಟೆಗೆ ಹಾಕಿ ಚೌಚೌ ಭಾತ್ ಎಂದು ಕರೆದ ಊರಿಗೆ ಇದೇನು ದೊಡ್ಡ ಸಾಹಸವಲ್ಲ. ಬ್ಯಾನರೂ ಒಂದರಲ್ಲೇ ಮುಗಿಯಿತು.

ದೂರವಾಣಿ ಇಲಾಖೆಯಲ್ಲಿ ಇಡೀ ಸೇವಾವಧಿ ಜನರಿಗೆ 'ಲೈನ್ ಚೆಕ್ ಮಾಡಿಸ್ತೀವಿ' ಎಂದು ಹೇಳಿದ ಅನುಭವವಿದ್ದುದರಿಂದ ನಾನು ಸಂಚಾಲಕನಾದೆ. ಅಧ್ಯಕ್ಷರು ಇದೇ ಜಾಗದ ಹಳೇ ಊರಿನವರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಮೂರು ಮಹಡಿಯ ಕಟ್ಟಡವಿದೆ, ಅದರ ಹಿಂದೆ ತಗಡಿನ ಶೀಟು ಹೊದಿಸಿದ ಸಾಲುಮನೆಗಳ ಒಂದು ವಠಾರವಿದೆ. ಸಭೆ ನಡೆಯುತ್ತಿದ್ದದ್ದು ಆ ಕಟ್ಟಡದ ಪಾರ್ಕಿಂಗಿನಲ್ಲಿ. ಕಾರುಗಳನ್ನು ಹೊರಗೆ ನಿಲ್ಲಿಸಿ, ಕುರ್ಚಿಗಳನ್ನು ಒಳಗೆ ಹಾಕಿ, ನಾವು ಮಾಲಿನ್ಯದ ಬಗ್ಗೆ ಕಳವಳಪಡುತ್ತಿದ್ದೆವು.

ನಮ್ಮ ಸಭೆಗೆ ಒಂದು ಕ್ರಮವಿತ್ತು. ಆ ಕ್ರಮವೇ ಸಭೆಯಾಗಿತ್ತು. ಮೊದಲು ಪ್ರಾರ್ಥನೆ. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದ ಮೇಡಂ ಒಬ್ಬರು ನಮ್ಮ ಸದಸ್ಯೆ. ಗಣಪತಿಯನ್ನು ಮಾತ್ರ ಹಾಡಿ ಬಿಟ್ಟರೆ ಶಾರದೆಗೆ ಬೇಸರವಾದೀತೆಂದು ಎರಡು ಹಾಡುತ್ತಿದ್ದರು. ಆಮೇಲೆ ದೀಪ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳಿಗೆ ಸನ್ಮಾನ, ಅತಿಥಿಗಳ ಮಾತು, ಅಧ್ಯಕ್ಷೀಯ ಭಾಷಣ, ಇತರೆ ವಿಷಯಗಳು, ವಂದನಾರ್ಪಣೆ. ಪ್ರಶ್ನೆ, ದೂರು, ವಿಚಾರಣೆ ಮುಂತಾದ ಒರಟು ಸಂಗತಿಗಳೆಲ್ಲ 'ಇತರೆ ವಿಷಯಗಳು' ಎಂಬಲ್ಲಿ ಬರಬೇಕಿತ್ತು. ಅದರ ಸರದಿ ಬರುವ ಹೊತ್ತಿಗೆ ಸರಿಯಾಗಿ ಇಡ್ಲಿಯ ಪಾತ್ರೆ ಗೇಟಿನೊಳಗೆ ಬರುತ್ತಿತ್ತು. ಇಡ್ಲಿ ತಣ್ಣಗಾದರೆ ಕಲ್ಲು. ವಿಷಯ ತಣ್ಣಗಾದರೆ ಯಾರಿಗೂ ನಷ್ಟವಿಲ್ಲ. ಹೀಗಾಗಿ ಅಧ್ಯಕ್ಷೀಯ ಭಾಷಣದಿಂದ ವಂದನಾರ್ಪಣೆಗೆ ಒಂದೇ ನೆಗೆತ. ಸಮಿತಿ ಹುಟ್ಟಿದಂದಿನಿಂದ ಇತರೆ ವಿಷಯಗಳ ಮುಖವನ್ನು ಯಾರೂ ಕಂಡಿರಲಿಲ್ಲ.

ಸನ್ಮಾನದ ಬಗ್ಗೆ ಎರಡು ಮಾತು. ನಮ್ಮ ಕಡೆ ಬಂದವರಿಗೆ ಶಾಲು ಹೊದಿಸಿ, ಪೇಟ ಇಟ್ಟು, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಡುವುದು ವಾಡಿಕೆ. ಅವರು ಏನು ಮಾಡಿದ್ದಾರೆ ಎಂದು ಕೇಳುವುದು ವಾಡಿಕೆಯಲ್ಲ. ನಮ್ಮ ವಾರ್ಡಿನ ಯೋಜನೆಗಳ ಎಂಜಿನಿಯರರು ತಮ್ಮ ಕೆಲಸದ ವಿಚಾರಣೆಗೆಂದು ಪ್ರತಿ ತಿಂಗಳು ಬರುತ್ತಿದ್ದರು, ಪ್ರತಿ ತಿಂಗಳೂ ಸನ್ಮಾನಿತರಾಗಿ ಹೋಗುತ್ತಿದ್ದರು. ನಗುಮುಖದ ಮನುಷ್ಯ, ಕೆಟ್ಟವರಲ್ಲ. ಅವರ ಮನೆಯ ಕಿಟಕಿ ಪರದೆಗಳೆಲ್ಲ ನಮ್ಮ ಶಾಲಿನವೇ ಎಂದು ಯಾರೋ ಹೇಳಿದ್ದರು. ಶಾಲು ಹೊದ್ದವರನ್ನು ಆಮೇಲೆ ತರಾಟೆಗೆ ತೆಗೆದುಕೊಳ್ಳುವುದು ಊಟಕ್ಕೆ ಕರೆದು ಮುಂದಿನ ಎಲೆ ಎಳೆದುಕೊಂಡ ಹಾಗೆ. ಆ ಪಾಪಕ್ಕೆ ನಮ್ಮಲ್ಲಿ ಯಾರೂ ಸಿದ್ಧರಿರಲಿಲ್ಲ.

ಜನವರಿಯ ಸಭೆಯಲ್ಲಿ ಎಂಜಿನಿಯರರು ಹೊಸ ಯೋಜನೆಯನ್ನು ವಿವರಿಸಿದರು.

"ಸಿಂಪಲ್ಲು ಸಾರ್. ಶೀಟ್ ಮನೆಗಳ ಮೇಲೆ ವೈಟ್ ಕೋಟಿಂಗ್ ಹೊಡೀತೀವಿ. ಬಿಸಿಲು ವಾಪಸ್ ಹೋಗತ್ತೆ, ಮನೆ ತಣ್ಣಗಿರತ್ತೆ, ಫ್ಯಾನ್ ಕಮ್ಮಿ ಓಡತ್ತೆ. ಕರೆಂಟ್ ಉಳೀತಲ್ಲ, ಅದು ಕ್ಲೈಮೇಟು. ಬಿಲ್ ಉಳೀತಲ್ಲ, ಅದು ಪಾವರ್ಟಿ."

ಒಂದೇ ಬಣ್ಣದಲ್ಲಿ ಎರಡೂ ಸಮಸ್ಯೆ. ಉಪಸಮಿತಿಗಳನ್ನು ಒಟ್ಟು ಮಾಡಿದ್ದು ಸಾರ್ಥಕವಾಯಿತೆಂದು ನಮಗೆಲ್ಲ ಅನ್ನಿಸಿತು. ಅಧ್ಯಕ್ಷರಿಗೆ ಮಾತ್ರ ಒಂದು ಸಂಶಯ.

"ವಾಪಸ್ ಅಂದ್ರೆ ಎಲ್ಲೋಗ್ತದೆ ಸಾಮಿ, ಬಿಸ್ಲು?"

"ಮೇಲಕ್ಕೆ ಸಾರ್."

"ಮೇಲಕ್ಕೆ ಅಂದ್ರೆ ನನ್ನ ಮೂರನೇ ಫ್ಲೋರ್ ಟೆನೆಂಟ್ ಮುಖಕ್ಕೆ."

"ಇಲ್ಲ ಸಾರ್, ಇನ್ನೂ ಮೇಲಕ್ಕೆ."

ಇನ್ನೂ ಮೇಲೆ ಬಾಡಿಗೆದಾರರು ಯಾರೂ ಇಲ್ಲವಾದ್ದರಿಂದ ಅಧ್ಯಕ್ಷರು ಒಪ್ಪಿದರು. ಯೋಜನೆಗೆ ಆರಿಸಿದ್ದು ಅವರದೇ ವಠಾರವನ್ನು. ಬಣ್ಣದ ಕೆಲಸ ಮಾರ್ಚಿನೊಳಗೆ ಮುಗಿಯಬೇಕು. ಮಾರ್ಚ್ ದಾಟಿದರೆ ಅನುದಾನ ವಾಪಸ್ ಹೋಗುತ್ತದೆ, ಬಿಸಿಲಿನ ಹಾಗೆಯೇ, ಮೇಲಕ್ಕೆ.

ಆ ಸಾಲುಮನೆಗಳ ಕೊನೆಯದರಲ್ಲಿ ಸಂಡಿಗೆ ಅಕ್ಕ ಇದ್ದರು. ನಮ್ಮ ಬಡಾವಣೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದೇ ಹಾಗೆ. ಶಿವರಾತ್ರಿ ಕಳೆದು ಬಿಸಿಲು ಕಾಯತೊಡಗಿದ ದಿನದಿಂದ ರಾಮನವಮಿಯ ತನಕ ಅಕ್ಕಿ ಸಂಡಿಗೆ, ಸಬ್ಬಕ್ಕಿ ಸಂಡಿಗೆ, ಅರಳು ಸಂಡಿಗೆ ಮಾಡಿ, ವಠಾರದ ಉದ್ದನೆಯ ಶೀಟಿನ ಮೇಲೆ ಚಾಪೆ ಹಾಸಿ, ಚಾಪೆಯ ಮೇಲೆ ಬಿಳಿ ಬಟ್ಟೆ ಹಾಸಿ ಒಣಗಿಸುತ್ತಿದ್ದರು. ಅಕ್ಕಪಕ್ಕದ ಮನೆಯವರ ಶೀಟಿಗೆ ಬಾಡಿಗೆ ಎಂದರೆ ಆಯಾ ಮನೆಗೆ ಒಂದೊಂದು ಡಬ್ಬ ಸಂಡಿಗೆ. ಜಯನಗರ, ಜೆ.ಪಿ. ನಗರದ ಮನೆಗಳಿಗೆಲ್ಲ ಅಲ್ಲಿಂದಲೇ ಹೋಗುತ್ತಿತ್ತು. ಆ ಬಿಸಿಲು ಅವರಿಗೆ ವರ್ಷದ ಅನ್ನ.

ಫೆಬ್ರುವರಿಯ ಸಭೆಗೆ ಕೆಲವು ದಿನ ಮೊದಲು ಒಂದು ಬೆಳಿಗ್ಗೆ ಸಂಡಿಗೆ ಅಕ್ಕ ನಮ್ಮ ಮನೆಗೆ ಬಂದರು.

"ಅಮ್ಮಾ, ಹಳೇ ಪಂಚೆ ಇದ್ರೆ ಕೊಡ್ತೀರಾ? ಈ ಸಲ ಆರ್ಡರ್ ಜಾಸ್ತಿ ಬಂದಿದೆ, ಹಾಸಕ್ಕೆ ಬಟ್ಟೆ ಸಾಲಲ್ಲ."

ನನ್ನ ಹೆಂಡತಿ ಒಳಗೆ ಹೋಗಿ ನನ್ನ ಪಂಚೆಗಳ ಒಂದು ಕಟ್ಟನ್ನೇ ತಂದು ಕೊಟ್ಟಳು. ಮೇಲಿನದ್ದು ನವಿಲುಬಣ್ಣದ ಅಂಚಿನ ಪಂಚೆ.

"ಅದು ಹಳೇದಲ್ಲ ಕಣೇ," ಎಂದೆ.

"ಉಟ್ಟು ಎಷ್ಟು ವರ್ಷ ಆಯ್ತು?"

"ಒಳ್ಳೇ ಸಂದರ್ಭಕ್ಕೆ ಅಂತ ಇಟ್ಟಿದ್ದೆ."

"ಇದೇ ಒಳ್ಳೇ ಸಂದರ್ಭ. ಆಷಾಢದಲ್ಲಿ ಕರಿದು ಹಾಕಿದಾಗ ತಿಂತೀರಲ್ಲ, ಆಗ ಗೊತ್ತಾಗತ್ತೆ."

ಪಂಚೆಗಳನ್ನು ಕಂಕುಳಿಗೆ ಸೇರಿಸಿಕೊಂಡ ಸಂಡಿಗೆ ಅಕ್ಕ ನನ್ನ ಕಡೆ ತಿರುಗಿದರು.

"ಸಾರ್, ನೀವೇ ಅಲ್ವಾ ಕಮಿಟಿ? ನಮ್ಮ ಶೀಟಿಗೆ ಮಾರ್ಚಲ್ಲಿ ಬಣ್ಣ ಹೊಡೀತಾರಂತೆ. ಹೊಡೆದ್ಮೇಲೆ ಅದು ಹಿಡಿಯೋ ತನಕ ವಾರಗಟ್ಲೆ ಮೇಲೆ ಹತ್ತಂಗಿಲ್ವಂತೆ, ಏನೂ ಹಾಸಂಗಿಲ್ವಂತೆ. ನನಗಿರೋದೇ ಆ ಬಿಸಿಲು. ಅದು ಹೋದ್ರೆ ಈ ವರ್ಷ ಹೋದಂಗೆ."

"ಹಾಗಾದ್ರೆ ಬಣ್ಣ ಬೇಡ ಅನ್ನೋಣ್ವಾ?"

"ಅಯ್ಯೋ ಬೇಡ ಅನ್ಬೇಡಿ ಸಾರ್. ಮಧ್ಯಾಹ್ನ ನಮ್ಮನೆ ಒಳಗೆ ಕೂತು ನೋಡಿ ಒಂದ್ಸಲ, ದೋಸೆ ಕಾವಲಿ ಕೆಳಗೆ ಕೂತಂಗಿರತ್ತೆ. ಬಣ್ಣ ಬೇಕು. ರಾಮನವಮಿ ಕಳೀಲಿ, ಆಮೇಲೆ ಬಂದು ಹೊಡೀಲಿ. ಅಷ್ಟೇ ಹೇಳಿ."

ಇಷ್ಟು ಸರಳವಾದ ಬೇಡಿಕೆಯನ್ನು ನಮ್ಮ ಉಪಸಮಿತಿ ಹಿಂದೆಂದೂ ಎದುರಿಸಿರಲಿಲ್ಲ. ಬೇಕು, ಆದರೆ ಸ್ವಲ್ಪ ತಡೆದು. ಅದನ್ನು ನಾನು ವಿಧಿವತ್ತಾಗಿ ಕಾರ್ಯಸೂಚಿಯಲ್ಲಿ ಸೇರಿಸಿದೆ. ಎಲ್ಲಿ ಸೇರಿಸುವುದು? ಇತರೆ ವಿಷಯಗಳಲ್ಲಿ. ಫೆಬ್ರುವರಿಯ ಸಭೆಯಲ್ಲಿ ಗಣಪತಿ ಬಂದ, ಶಾರದೆ ಬಂದಳು, ಎಂಜಿನಿಯರರಿಗೆ ಶಾಲು ಬಂತು, ಇಡ್ಲಿ ಬಂತು. ನಾನು ಎದ್ದು "ಒಂದು ಸಣ್ಣ ವಿಷಯ" ಎನ್ನುವಷ್ಟರಲ್ಲಿ ಅಧ್ಯಕ್ಷರು "ತಿಂತಾ ಮಾತಾಡವ ಸಾಮಿ" ಎಂದರು. ತಿನ್ನುತ್ತಾ ಸಾಂಬಾರಿನ ಬಗ್ಗೆ ಮಾತಾಡಿದೆವು.

ಮರುದಿನ ಎಂಜಿನಿಯರರಿಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡರು.

"ನಂಗೆ ಅರ್ಥ ಆಗತ್ತೆ ಸಾರ್. ನಮ್ಮನೆಗೂ ಅವ್ರ ಸಂಡಿಗೇನೇ ಬರೋದು. ಆದ್ರೆ ಮಾರ್ಚ್ ಎಂಡ್. ಸೂರ್ಯನಿಗಾದ್ರೂ ಹೇಳಬಹುದು, ಮಾರ್ಚ್ ಎಂಡ್‌ಗೆ ಹೇಳಕ್ಕಾಗಲ್ಲ."

ಹೇಳಿದ ಹಾಗೆ ಬಣ್ಣದ ಡ್ರಮ್ಮುಗಳು ಬಂದು ಅಧ್ಯಕ್ಷರ ಪಾರ್ಕಿಂಗಿನ ಒಂದು ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತವು. ಬಣ್ಣ ಹೊಡೆಯುವವರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದಾಯಿತು. ಸಂಡಿಗೆ ಅಕ್ಕ ಕಾಯುತ್ತ ಕೂರಲಿಲ್ಲ. ಬಣ್ಣದವರು ಬರುವಷ್ಟರಲ್ಲಿ ಆದಷ್ಟು ಮುಗಿಸಿಬಿಡಬೇಕೆಂದು ದಿನಾ ನಸುಕಿನಲ್ಲೇ ಹಿಟ್ಟು ಕಾಸಿ, ಏಣಿ ಹತ್ತಿ, ಹಲಗೆಯ ಮೇಲೆ ಕೂತು ಸಂಡಿಗೆ ಇಡತೊಡಗಿದರು. ಬಣ್ಣಕ್ಕೂ ಸಂಡಿಗೆಗೂ ಹೀಗೆ ಸ್ಪರ್ಧೆ ಏರ್ಪಟ್ಟಿತು.

ಮಾರ್ಚಿನ ಸಭೆ ಸ್ಥಳ ತಪಾಸಣೆಯ ಸಭೆ. ಏಣಿ ಹತ್ತಿ ಶೀಟು ನೋಡುವ ವಯಸ್ಸು ನಮ್ಮಲ್ಲಿ ಯಾರದ್ದೂ ಆಗಿರಲಿಲ್ಲ. ಆದ್ದರಿಂದ ಅಧ್ಯಕ್ಷರ ಕಟ್ಟಡದ ತಾರಸಿಯಿಂದಲೇ, ಅಂದರೆ ಸಾಕಷ್ಟು ಎತ್ತರದಿಂದ, ಕೆಳಗಿನ ವಠಾರವನ್ನು ಪರಿಶೀಲಿಸುವುದೆಂದು ತೀರ್ಮಾನವಾಯಿತು. ಮೇಲ್ವಿಚಾರಣೆ ಎಂದ ಮೇಲೆ ಮೇಲಿನಿಂದಲೇ ಆಗಬೇಕು ಎಂದು ಅಧ್ಯಕ್ಷರು ಸಮರ್ಥಿಸಿಕೊಂಡರು. ಅವತ್ತು ಲಿಫ್ಟು ಕೆಟ್ಟಿತ್ತು. ಮಂಡಿ ನೋವಿನ ಮೇಡಂ ಕೆಳಗೇ ಉಳಿದು ಪಾರ್ಕಿಂಗಿನಿಂದಲೇ ಪ್ರಾರ್ಥನೆ ಹಾಡಿದರು. ನಾವು ತಾರಸಿಯ ಮೇಲೆ ಕೈಮುಗಿದು, ಕಣ್ಣು ಮುಚ್ಚಿ, ಕೆಳಗಿನಿಂದ ತೇಲಿಬರುತ್ತಿದ್ದ ಶಾರದೆಯನ್ನು ಊಹಿಸಿಕೊಂಡೆವು.

ಆಮೇಲೆ ಕ್ರಮದಂತೆ ಎಂಜಿನಿಯರರಿಗೆ ಶಾಲು, ಪೇಟ, ಹಾರ. ಆ ಏರುಬಿಸಿಲಿನಲ್ಲಿ ಪಾಪ ಅವರು ಹವಾಮಾನದ ಸಂಕಟವನ್ನು ಮೈಮೇಲೇ ಹೊತ್ತುಕೊಂಡು ನಿಂತರು. ಅತಿಥಿಗಳ ಮಾತಿನ ಸರದಿ ಬಂದಾಗ ಅವರು ಪ್ಯಾರಾಪೆಟ್ ಗೋಡೆಯ ಹತ್ತಿರ ಹೋಗಿ, ಇನ್ನೂ ಕೆಲಸ ಶುರುವಾಗಿಲ್ಲ ಎಂಬುದನ್ನು ಹೇಗೆ ಹೇಳುವುದೆಂದು ಮಾತು ಹುಡುಕುತ್ತ ಕೆಳಗೆ ನೋಡಿದರು. ನೋಡಿದವರು ಹಾಗೇ ನಿಂತರು.

ವಠಾರದ ಛಾವಣಿ ಈ ತುದಿಯಿಂದ ಆ ತುದಿಯವರೆಗೆ ಬೆಳ್ಳಗೆ ಹೊಳೆಯುತ್ತಿತ್ತು.

"ನೋಡಿ ಸಾರ್," ಎಂದರು ನಿಧಾನವಾಗಿ. "ನಮ್ಮ ಹುಡುಗ್ರು ಫಾಸ್ಟು. ಹೇಳದೇನೇ ಮುಗಿಸ್ಬಿಟ್ಟಿದಾರೆ."

ಅವರ ಮುಖದಲ್ಲಿ ನಟನೆ ಇರಲಿಲ್ಲ. ಜೀವನದಲ್ಲಿ ಮೊದಲ ಸಲ ಕೆಲಸವೊಂದು ತಾನಾಗಿ ಆಗಿದ್ದನ್ನು ಕಂಡವರ ಬೆರಗು ಇತ್ತು. ಸದಸ್ಯರೆಲ್ಲ ಗೋಡೆಗೆ ಬಂದು ನಿಂತರು. ಪೊರೆ ತೆಗೆಸಿದ ಕಣ್ಣುಗಳು, ಪೊರೆ ತೆಗೆಸಬೇಕಾದ ಕಣ್ಣುಗಳು, ಎಲ್ಲವೂ ಆ ಬಿಳುಪಿಗೆ ಕಿರಿದಾದವು. ಒಬ್ಬರು ಚಪ್ಪಾಳೆ ತಟ್ಟಿದರು, ಉಳಿದವರು ಕೈಜೋಡಿಸಿದರು.

"ನಡುವೆ ಅದೇನು ಕಪ್ಪಗೆ?" ಎಂದು ಯಾರೋ ಕೇಳಿದರು.

"ವೆಂಟಿಲೇಷನ್ ಇರಬೇಕು ಸಾರ್," ಎಂದರು ಎಂಜಿನಿಯರರು.

ಅದು ಕಾಗೆ ಬೆದರಿಸಲು ಬಿಚ್ಚಿಟ್ಟ ಹಳೇ ಕೊಡೆ. ನನಗೆ ಗೊತ್ತಾಯಿತು, ಏಕೆಂದರೆ ಕೊಡೆಯ ಪಕ್ಕದಲ್ಲೇ ನನ್ನ ಪಂಚೆ ಇತ್ತು. ಪರರ ಛಾವಣಿಯನ್ನು ಗುರುತಿಸದ ಕಣ್ಣು ಸ್ವಂತ ಪಂಚೆಯನ್ನು ಮೂರು ಮಹಡಿ ಮೇಲಿನಿಂದಲೂ ಗುರುತಿಸುತ್ತದೆ. ನವಿಲುಬಣ್ಣದ ಅಂಚು, ಅದರ ಮೇಲೆ ಸಾಲುಸಾಲಾಗಿ ಅಕ್ಕಿ ಸಂಡಿಗೆ. ಒಳ್ಳೆಯ ಸಂದರ್ಭಕ್ಕೆಂದು ಕಾದಿಟ್ಟದ್ದು ವ್ಯರ್ಥವಾಗಿರಲಿಲ್ಲ.

ತಪಾಸಣೆ ಶಾಸ್ತ್ರೀಯವಾಗಿರಬೇಕಲ್ಲ. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಜ್ವರದ ಗನ್ನೊಂದು ವಾರ್ಡ್ ಕಚೇರಿಯಲ್ಲಿ ಉಳಿದಿತ್ತು. ಅದನ್ನು ತಾರಸಿಯಿಂದ ಛಾವಣಿಯ ಕಡೆ ಹಿಡಿದು ಒತ್ತಿದರು. ಏನೂ ಬರಲಿಲ್ಲ. ಸರಿಯಾಗಿದೆಯೋ ನೋಡೋಣವೆಂದು ಎಂಜಿನಿಯರರ ಹಣೆಗೆ ಹಿಡಿದರು, ಹಸಿರು ದೀಪ ಬಂತು. ಅದನ್ನೇ ಬರೆದುಕೊಳ್ಳಲಾಯಿತು. ಛಾವಣಿಗೆ ಜ್ವರವಿಲ್ಲ.

ನಾನು ಅಧ್ಯಕ್ಷರ ತೋಳು ಹಿಡಿದು ಪಕ್ಕಕ್ಕೆ ಕರೆದೆ.

"ಅದು ಬಣ್ಣ ಅಲ್ಲ. ಸಂಡಿಗೆ. ಅದರಲ್ಲಿ ನನ್ನ ಪಂಚೆ ಇದೆ."

"ಗೊತ್ತು ಸಾಮಿ," ಎಂದರು ಅಧ್ಯಕ್ಷರು, ತುಟಿ ಅಲ್ಲಾಡಿಸದೆ. "ನಮ್ಮನೆ ಬೆಡ್‌ಶೀಟೂ ಅದ್ರಾಗೈತೆ."

"ಮತ್ತೆ ಹೇಳಬೇಕಲ್ಲ?"

"ಹೆಂಗ್ ಹೇಳದು? ಶಾಲು ಹೊದ್ಸಾಗೈತೆ."

ನಾನು ಎಂಜಿನಿಯರರ ಕಡೆ ನೋಡಿದೆ. ಪೇಟದ ಕೆಳಗೆ ಬೆವರು ಸುರಿಸುತ್ತ, ಆ ಮನುಷ್ಯ ಬೆಳ್ಳನೆಯ ಛಾವಣಿಯನ್ನು ಮಗನ ಮಾರ್ಕ್ಸ್ ಕಾರ್ಡ್ ನೋಡುವ ಹಾಗೆ ನೋಡುತ್ತಿದ್ದರು. ಹಾಕಿದ ಶಾಲನ್ನು ತೆಗೆಯುವ ಕ್ರಮ ನಮ್ಮ ಕಾರ್ಯಸೂಚಿಯಲ್ಲಿ ಎಲ್ಲೂ ಇಲ್ಲ.

"ಇವತ್ತು ಹೇಳಿದ್ರೆ ನಾಳೇನೇ ಬ್ರಷ್ ತಗೊಂಡ್ ಬತ್ತಾರೆ," ಎಂದು ಅಧ್ಯಕ್ಷರು ಸೇರಿಸಿದರು. "ಆ ಯಮ್ಮನ ಸಂಡ್ಗೆ ಏನಾಯ್ತದೆ? ಸುಮ್ಕಿರಿ."

ಫಲಾನುಭವಿಯ ಅಭಿಪ್ರಾಯ ಪಡೆಯಬೇಕೆಂದು ಸಂಡಿಗೆ ಅಕ್ಕನನ್ನು ಮೇಲಕ್ಕೆ ಕರೆಸಿದರು. ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದರು. ಬಂದ ಕೂಡಲೇ ಹೆಗಲಿಗೆ ಶಾಲು ಬಿತ್ತು. ಏನೆಂದು ತಿಳಿಯದೆ ನನ್ನ ಮುಖ ನೋಡಿದರು. ನಾನು ತಾರಸಿಯ ನೆಲ ನೋಡಿದೆ.

"ಹೇಳಿ ಅಮ್ಮ, ಈ ವೈಟ್ ಕೋಟಿಂಗ್ ಆದ್ಮೇಲೆ ಹೇಗಿದೆ?" ಎಂದು ಎಂಜಿನಿಯರರು ಕೆಳಗೆ ಕೈ ತೋರಿಸಿ ಕೇಳಿದರು.

ಸಂಡಿಗೆ ಅಕ್ಕ ಗೋಡೆಯ ಹತ್ತಿರ ಬಂದು ಕೆಳಗೆ ನೋಡಿದರು. ತಮ್ಮ ಕೆಲಸವನ್ನು ಅಷ್ಟು ಎತ್ತರದಿಂದ ಅವರು ಮೊದಲ ಸಲ ನೋಡುತ್ತಿದ್ದರೆಂದು ಕಾಣುತ್ತದೆ; ಈ ತುದಿಯಿಂದ ಆ ತುದಿಗೆ ಒಮ್ಮೆ ಕಣ್ಣಾಡಿಸಿದರು. ಆಮೇಲೆ ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದರು.

"ಕಾಗೆ ಕಾಟ ಒಂದ್ಬಿಟ್ರೆ ಎಲ್ಲ ಚೆನ್ನಾಗಿದೆ ಸಾರ್."

ಮತ್ತೆ ಚಪ್ಪಾಳೆ. ಕಾಮಗಾರಿ ತೃಪ್ತಿಕರವಾಗಿ ಪೂರ್ಣಗೊಂಡಿದೆ ಎಂದು ನಿರ್ಣಯವಾಯಿತು. ಆ ದಿನ ಇಡ್ಲಿಯ ಜೊತೆ ಕರಿದ ಸಂಡಿಗೆಯೂ ಇತ್ತು. ಎಂಜಿನಿಯರರು ಎರಡನೇ ಸಲ ಹಾಕಿಸಿಕೊಂಡರು.

ಮನೆಗೆ ಬಂದಾಗ ಹೆಂಡತಿ ಕೇಳಿದಳು: "ಹೇಗಾಯ್ತು ತಪಾಸಣೆ?"

"ನನ್ನ ಪಂಚೆ ಭೂಮಿಯ ತಾಪ ಇಳಿಸ್ತಿದೆ ಅಂತ ನಿರ್ಣಯ ಆಯ್ತು."

"ಕೊಟ್ಟಿದ್ದು ನಾನು. ನನ್ನ ಹೆಸರು ಹಾಕಿದ್ರಾ?"

ಹೀಗೆ ಸಂಡಿಗೆ ಅಕ್ಕನ ಬಿಸಿಲು ಉಳಿಯಿತು. ಬಣ್ಣದವರು ಬರಲಿಲ್ಲ, ಮುಗಿದ ಕೆಲಸಕ್ಕೆ ಯಾರು ಬರುತ್ತಾರೆ? ಸಂಡಿಗೆಗಳೆಲ್ಲ ಒಣಗಿ, ಡಬ್ಬ ತುಂಬಿ, ಮನೆಮನೆಗೆ ಹೋದವು. ನನ್ನ ಪಂಚೆಯೂ ವಾಪಸ್ ಬಂತು, ಗಂಜಿಯ ವಾಸನೆಯೊಂದಿಗೆ, ಹಿಂದೆಂದೂ ಇಲ್ಲದಷ್ಟು ಗರಿಗರಿಯಾಗಿ.

ರಾಮನವಮಿಯ ದಿನ ಬೀದಿಯ ಪೆಂಡಾಲಿನಲ್ಲಿ ಪಾನಕ ಕುಡಿಯುತ್ತ ನಿಂತಿದ್ದೆ. ಸಂಡಿಗೆ ಅಕ್ಕ ಕೋಸಂಬರಿಯ ದೊನ್ನೆ ಹಿಡಿದು ಪಕ್ಕಕ್ಕೆ ಬಂದರು.

"ಸಾರ್, ನವಮಿ ಆಯ್ತು. ಇನ್ನು ಬಣ್ಣ ಹೊಡೀಬಹುದಲ್ವಾ?"

ನಾನು ದೊನ್ನೆಯಲ್ಲಿದ್ದ ಹೆಸರುಬೇಳೆಯನ್ನು ಎಣಿಸತೊಡಗಿದೆ. ಮಾರ್ಚಿನಲ್ಲಿ ನಾವೆಲ್ಲ ಸೇರಿ ಆಕೆಯ ಸಂಡಿಗೆಯನ್ನು ಉಳಿಸಿದ್ದೆವು. ಆ ಗಡಿಬಿಡಿಯಲ್ಲಿ ಆಕೆಯ ಬಣ್ಣವನ್ನು ಕಳೆದಿದ್ದೆವು. ಈಗ ಶೀಟು ಬರಿದಾಗಿ, ಕಪ್ಪಗೆ ಕಾಯುತ್ತಿತ್ತು. ಅವತ್ತೇ ಮಧ್ಯಾಹ್ನ ಆಕೆಯ ಮನೆಯೊಳಗೆ ಹೋಗಿ ಕೂತೆ. ಕಾವಲಿಯ ಮಾತು ಉತ್ಪ್ರೇಕ್ಷೆಯಲ್ಲ. ಫ್ಯಾನು ತಿರುಗುತ್ತಿತ್ತು, ಬಿಸಿಗಾಳಿಯನ್ನು ಈ ಮೂಲೆಯಿಂದ ಆ ಮೂಲೆಗೆ ಶ್ರದ್ಧೆಯಿಂದ ಸಾಗಿಸುತ್ತಿತ್ತು. ಆಕೆ ಒದ್ದೆ ಟವೆಲು ತಲೆಗೆ ಸುತ್ತಿಕೊಂಡು ಡಬ್ಬಗಳನ್ನು ಒರೆಸುತ್ತಿದ್ದರು. ನಾನು ಒಂದು ಲೋಟ ನೀರು ಕುಡಿದು ಎದ್ದೆ.

ಎಂಜಿನಿಯರರ ಕಚೇರಿಗೆ ಹೋದೆ. ಕುರ್ಚಿ ಎಳೆದು ಕೂರಿಸಿ, ಕಾಫಿ ತರಿಸಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಅವತ್ತು ನೀವು ನೋಡಿದ್ದು ಬಣ್ಣವಲ್ಲ.

ಅವರು ಬಹಳ ಹೊತ್ತು ನಕ್ಕರು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡರು.

"ತಮಾಷೆ ಮಾಡ್ಬೇಡಿ ಸಾರ್. ನಾನೇ ನೋಡಿದೀನಿ, ನೀವೇ ನೋಡಿದೀರ. ನಿಮ್ಮ ಕಮಿಟಿ ಪಾಸ್ ಮಾಡಿದೆ. ಕಂಪ್ಲೀಟ್ ಆಗಿರೋದನ್ನ ಮತ್ತೆ ಹೇಗೆ ಮಾಡೋದು?"

"ಡ್ರಮ್ಮುಗಳು ಇನ್ನೂ ಅಧ್ಯಕ್ಷರ ಪಾರ್ಕಿಂಗಲ್ಲೇ ಇವೆ."

"ಯಾವ ಡ್ರಮ್ಮು ಸಾರ್? ಅದೆಲ್ಲ ರೂಫ್ ಮೇಲಿದೆ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಮಟ್ಟಿಗೆ ಆ ಬಣ್ಣ ಛಾವಣಿಯ ಮೇಲೇ ಇತ್ತು. ಮತ್ತೆಲ್ಲಾದರೂ ಇದ್ದರೆ ಅದು ಬೇರೆ ಬಣ್ಣ. ಹೊರಡುವಾಗ ಬಾಗಿಲ ತನಕ ಬಂದು, "ಅಕ್ಕನಿಗೆ ಹೇಳಿ ಸಾರ್, ಈ ಸಲ ಸಬ್ಬಕ್ಕಿ ಸಂಡಿಗೆ ಸಖತ್ತಾಗಿತ್ತು" ಎಂದರು.

ಇತ್ತ ಅಧ್ಯಕ್ಷರಿಗೆ ಇನ್ನೊಂದು ಸಂಕಟ. ಎರಡನೇ ಮಹಡಿಗೆ ಹೊಸ ಬಾಡಿಗೆದಾರರು ಬಂದಿದ್ದರು, ಅವರ ಕಾರು ನಿಲ್ಲಿಸಲು ಡ್ರಮ್ಮುಗಳು ಅಡ್ಡ. ತೆಗೆಸಿ ಎಂದು ಕಚೇರಿಗೆ ಅವರೂ ಫೋನು ಮಾಡಿದ್ದರು. ಇಲ್ಲದ ಡ್ರಮ್ಮುಗಳನ್ನು ತೆಗೆಯಲು ಗಾಡಿ ಕಳಿಸುವುದು ಸಾಧ್ಯವಿಲ್ಲವೆಂಬ ಉತ್ತರ ಬಂದಿತ್ತು.

ನಾನು ಹೋದಾಗ ಅವರು ಡ್ರಮ್ಮಿನ ಮೇಲೆಯೇ ಕೂತು ಯೋಚಿಸುತ್ತಿದ್ದರು.

"ಇದೇನ್ ಹೇಳಿ ಸಾಮಿ ಈಗ. ನಾನು ಕೂತಿರದು ಯಾತರ ಮೇಲೆ?"

"ಸರ್ಕಾರದ ಪ್ರಕಾರ ಯಾತರ ಮೇಲೂ ಅಲ್ಲ."

"ಹಂಗಾದ್ರೆ ಯಾತರ ಮೇಲೂ ಅಲ್ಲದ್ದು ಇಲ್ಲಿಂದ ಎದ್ದು ಹಿಂದ್ಗಡೆ ವಠಾರಕ್ಕೆ ಹೋದ್ರೆ ಯಾರಾನ ಕೇಳ್ತಾರಾ?"

"ಅದು ಅಲ್ಲೇ ಇದೆ ಅಂತ ನಿರ್ಣಯ ಇದೆ."

"ಹಂಗಂದ್ಮೇಲೆ ಉಳ್ಳುಸ್ರಿ."

ಡ್ರಮ್ಮುಗಳನ್ನು ಉರುಳಿಸಿಕೊಂಡು ಹೋದೆವು. ಸಂಡಿಗೆ ಅಕ್ಕನ ಮೈದುನ ಬಣ್ಣದ ಕೆಲಸದವನು. ಒಂದು ಶನಿವಾರ, ಭಾನುವಾರ ತನ್ನ ಇಬ್ಬರು ಸ್ನೇಹಿತರನ್ನು ಕರೆತಂದು ಇಡೀ ವಠಾರದ ಶೀಟನ್ನು ತೊಳೆದು, ಒಣಗಿಸಿ, ಬಣ್ಣ ಹಚ್ಚಿದ. ನನ್ನ ಹೆಂಡತಿ ಅವರಿಗೆ ಚಿತ್ರಾನ್ನ ಕಳಿಸಿದಳು. ನಾನು ಸಂಚಾಲಕನ ನೆಲೆಯಲ್ಲಿ ಏಣಿಯ ಕಾಲು ಹಿಡಿದುಕೊಂಡಿದ್ದೆ. ಉಪಸಮಿತಿಯ ಚರಿತ್ರೆಯಲ್ಲಿ ಸದಸ್ಯನೊಬ್ಬ ಯೋಜನೆಯೊಂದನ್ನು ಕೈಯಿಂದ ಮುಟ್ಟಿದ್ದು ಅದೇ ಮೊದಲು.

"ಮುಂದಿನ ವರ್ಷ ಈ ಬಿಳಿ ಶೀಟಿನ ಮೇಲೆ ಸಂಡಿಗೆ ಒಣಗತ್ತಾ?" ಎಂದು ಕೇಳಿದೆ.

"ಮೇಲಿನ ಬಿಸಿಲು ಇದ್ಯಲ್ಲ ಸಾರ್. ಕೆಳಗಿಂದ ಕಾವು ಬರಲ್ಲ ಅಷ್ಟೇ," ಎಂದರು ಸಂಡಿಗೆ ಅಕ್ಕ. "ಒಂದಿನ ಹೆಚ್ಚಿಗೆ ಹಿಡೀಬಹುದು. ಹಿಡೀಲಿ. ಒಳಗೆ ನಾನೂ ಒಣಗೋದು ತಪ್ಪತ್ತೆ."

ಜೂನಿನ ಸಭೆ ತಾರಸಿಯ ಮೇಲೆ ನಡೆಯಿತು. ಪಾರ್ಕಿಂಗಿನಲ್ಲಿ ಈಗ ಹೊಸ ಬಾಡಿಗೆದಾರರ ಕಾರಿತ್ತು. ಲಿಫ್ಟು ರಿಪೇರಿಯಾಗಿದ್ದರಿಂದ ಸಂಗೀತದ ಮೇಡಂ ಕೂಡ ಮೇಲೆ ಬಂದರು. ಶಾಮಿಯಾನದ ಕೆಳಗೆ ಗಣಪತಿ, ಶಾರದೆ, ಎಂಜಿನಿಯರರಿಗೆ ಶಾಲು. ಹೊರಗೆ ಜಿಟಿಜಿಟಿ ಮಳೆ. ಅಧ್ಯಕ್ಷೀಯ ಭಾಷಣವೂ ಮುಗಿಯಿತು. ಆದರೆ ಇಡ್ಲಿ ಬರಲಿಲ್ಲ. ತರುವವರು ಮಳೆಗೆ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರು.

ಎಲ್ಲರೂ ಮೆಟ್ಟಿಲ ಕಡೆ ನೋಡಿದರು. ಕೊನೆಗೆ ಬೇರೆ ದಾರಿಯಿಲ್ಲದೆ ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಅದೇನೋ ಇತರೆ ಅಂತಿತ್ತಲ್ಲ ಸಾಮಿ. ಓದಿ, ಇಡ್ಲಿ ಬರೋಗಂಟ."

ಇತರೆ ವಿಷಯಗಳಲ್ಲಿ ಇದ್ದದ್ದು ಒಂದೇ. ಫೆಬ್ರುವರಿಯಿಂದ ಸಭೆಯಿಂದ ಸಭೆಗೆ ಮುಂದೂಡಿಕೊಂಡು ಬಂದದ್ದು. ಚರ್ಚೆಯಾಗದೆ ತೆಗೆದುಹಾಕುವ ಅಧಿಕಾರ ಸಂಚಾಲಕನಿಗಿಲ್ಲ. ಗಂಟಲು ಸರಿಪಡಿಸಿಕೊಂಡು ಓದಿದೆ: ವಠಾರದ ನಿವಾಸಿಯೊಬ್ಬರು ಸಂಡಿಗೆ ಒಣಗಿಸುತ್ತಿರುವುದರಿಂದ ಛಾವಣಿಗೆ ಬಣ್ಣ ಬಳಿಯುವುದನ್ನು ಕೆಲ ಕಾಲ ಮುಂದೂಡಬೇಕೆಂಬ ಮನವಿ.

"ಅದು ಕಂಪ್ಲೀಟ್ ಆಗಿದ್ಯಲ್ಲ ಸಾರ್," ಎಂದರು ಎಂಜಿನಿಯರರು.

ಮೇಡಂ ಎದ್ದು, ಸೆರಗು ತಲೆಯ ಮೇಲೆ ಎಳೆದುಕೊಂಡು ಗೋಡೆಯ ಹತ್ತಿರ ಹೋದರು. ಕನ್ನಡಕದ ಮೇಲೆ ಹನಿ ಬಿದ್ದಿತ್ತು. ಕೆಳಗೆ ಬಗ್ಗಿ ನೋಡಿದರು.

"ಎಲ್ಲಿ ಕಂಪ್ಲೀಟು? ಇನ್ನೂ ಸಂಡಿಗೆ ಹಾಸಿದಾರಲ್ರೀ, ಆ ತುದಿಯಿಂದ ಈ ತುದಿ ತನಕ. ಅದೂ ಈ ಮಳೇಲಿ. ಏನ್ ಹೆಂಗಸ್ರೋ ಏನೋ, ಎತ್ತಿಡೋದಲ್ವಾ?"

ನಾನು ಅಧ್ಯಕ್ಷರನ್ನು ನೋಡಿದೆ. ಅಧ್ಯಕ್ಷರು ಮೋಡವನ್ನು ನೋಡುತ್ತಿದ್ದರು.

"ಪಾಪ, ಬಡವ್ರು," ಎಂದು ಮೇಡಂ ವಾಪಸ್ ಬಂದು ಕೂತರು. "ಮೊದ್ಲು ಅದು ಒಣಗ್ಲಿ. ಬಣ್ಣ ಎಲ್ಲಿ ಹೋಗತ್ತೆ?"

ಸದಸ್ಯರಿಗೆಲ್ಲ ಇದು ನ್ಯಾಯವೆನ್ನಿಸಿತು. ಪೂರ್ಣಗೊಂಡಿರುವ ಕಾಮಗಾರಿಯನ್ನು ಸಂಡಿಗೆ ಒಣಗುವವರೆಗೆ ಆರಂಭಿಸಬಾರದೆಂದು ಸರ್ವಾನುಮತದ ನಿರ್ಣಯವಾಯಿತು. ಎಂಜಿನಿಯರರು ಹೆಗಲ ಮೇಲಿನ ಶಾಲನ್ನು ಸರಿಪಡಿಸಿಕೊಂಡು, ತಮಗೇನೂ ಅಭ್ಯಂತರವಿಲ್ಲವೆಂದರು. ಆಗ ಇಡ್ಲಿ ಬಂತು.

ತಿಂಡಿ ಮುಗಿಸಿ, ನಿರ್ಣಯ ತಿಳಿಸಲೆಂದು ನಾನು ಹಿಂದಿನ ವಠಾರಕ್ಕೆ ಹೋದೆ. ಮಳೆ ನಿಂತು ಚುರುಕು ಬಿಸಿಲು ಬಿದ್ದಿತ್ತು. ಸಂಡಿಗೆ ಅಕ್ಕ ನೆಲದ ಮೇಲೆ ಕೂತು ಡಬ್ಬಗಳಿಗೆ ಮುಚ್ಚಳ ಹಾಕುತ್ತಿದ್ದರು. ಫ್ಯಾನು ನಿಂತಿತ್ತು.

"ಏನಂತೆ ಸಾರ್ ಕಮಿಟಿ?"

"ನಿಮ್ಮ ಮನವಿ ಮಂಜೂರಾಯ್ತು. ಸಂಡಿಗೆ ಒಣಗೋ ತನಕ ಶೀಟಿಗೆ ಯಾರೂ ಬಣ್ಣ ಹೊಡೆಯೋ ಹಾಗಿಲ್ಲ."

ಆಕೆ ಕತ್ತೆತ್ತಿ ಶೀಟನ್ನು ಒಮ್ಮೆ ನೋಡಿ, ಕೈಯಲ್ಲಿದ್ದ ಮುಚ್ಚಳವನ್ನು ಒತ್ತಿ ಹಾಕಿದರು.

"ಆಯ್ತು ಸಾರ್. ಯಾರಾದ್ರೂ ಬಂದ್ರೆ ಕಳಿಸ್ಬಿಡ್ತೀನಿ. ಕೂತ್ಕೊಳ್ಳಿ, ಒಳಗೆ ತಣ್ಣಗಿದೆ." ನನಗೊಂದು ಮಣೆ ಸರಿಸಿ, ಇನ್ನೊಂದು ಡಬ್ಬ ಎತ್ತಿಕೊಂಡರು. "ಈಗ ಕಾಗೆ ಕಾಟಾನೂ ಇಲ್ಲ. ಬಂದು ಕೂರತ್ತೆ, ಜಾರತ್ತೆ, ಬೈಕೊಂಡು ಹೋಗತ್ತೆ."